ಹೋಗುವವರು ಬೀಗ ತೆಗೆದು ಹೋಗಲಿ

"ನೀವು ಬಳಸುತ್ತಿರುವ ಆವೃತ್ತಿಗೆ ವಿಂಡೋಸ್ 11ರಲ್ಲಿ ಸಪೋರ್ಟ್ ಇರುವುದಿಲ್ಲ."

ನಮ್ಮ ಲೆಕ್ಕದ ಸಾಫ್ಟ್‌ವೇರ್ ಮಾಡಿದ ಕಂಪನಿಯಿಂದ ಬಂದ ಇಮೇಲ್‌ನಲ್ಲಿ ಇದ್ದದ್ದು ಇಷ್ಟೇ. ಕೆಳಗೊಂದು ಲಿಂಕ್. ಅದನ್ನು ಒತ್ತಿದರೆ ಅದೇ ಕಂಪನಿಯ ಆನ್‌ಲೈನ್ ಸೇವೆಯ ಪುಟ ಬರುತ್ತಿತ್ತು. ತಿಂಗಳಿಗಿಷ್ಟು ಅಂತ ಕಟ್ಟುತ್ತಾ ಹೋಗಬೇಕು.

ಆ ಸಾಫ್ಟ್‌ವೇರನ್ನು ನಾವು ಕೊಂಡದ್ದು 2003ರಲ್ಲಿ. ನಮ್ಮದು ಸಣ್ಣ ಆಫೀಸು. ಬಿಲ್ಲು, ಸ್ಟಾಕು, ಲೆಡ್ಜರ್, ಯಾರಿಂದ ಎಷ್ಟು ಬಾಕಿ ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಎಲ್ಲ ಅದರಲ್ಲೇ. ಆಗ ಒಂದೇ ಸಲ ಪೂರ್ತಿ ಹಣ ಕೊಟ್ಟೆವು. ಡಬ್ಬದಲ್ಲಿ ಒಂದು ಸಿಡಿ, ಒಂದು ಪುಸ್ತಕ, ಯುಎಸ್‌ಬಿಗೆ ಚುಚ್ಚುವ ಒಂದು ಡಾಂಗಲ್ ಇತ್ತು. ಡಾಂಗಲ್ ಚುಚ್ಚಿದ್ದರೆ ಮಾತ್ರ ಪ್ರೋಗ್ರಾಂ ತೆರೆಯುತ್ತದೆ. ಕದ್ದು ಬಳಸುವವರನ್ನು ತಡೆಯಲು ಅವರು ಹಾಕಿದ ಬೀಗ ಅದು. ನಾವು ಹಣ ಕೊಟ್ಟು ಕೊಂಡವರು, ನಮಗೇನು ತೊಂದರೆ ಅಂದುಕೊಂಡಿದ್ದೆ.

22 ವರ್ಷ ಆ ಪ್ರೋಗ್ರಾಂ ನಮ್ಮ ಜೊತೆ ಇತ್ತು. ಅದರ ಬೂದು ಬಣ್ಣದ ಕಿಟಕಿ, ಎಫ್2 ಒತ್ತಿದರೆ ಹೊಸ ಬಿಲ್ಲು, ಎಫ್5 ಒತ್ತಿದರೆ ಬಾಕಿ ಪಟ್ಟಿ. ನಮ್ಮ ಲೆಕ್ಕ ನೋಡಿಕೊಳ್ಳುವ ಸಹೋದ್ಯೋಗಿ ಪರದೆ ನೋಡದೆಯೇ ಬಿಲ್ಲು ಹೊಡೆಯುತ್ತಿದ್ದರು. ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುತ್ತಲೇ ಅವರ ಬೆರಳು ಕೆಲಸ ಮುಗಿಸಿರುತ್ತಿತ್ತು. ಹೊಸ ಸಾಫ್ಟ್‌ವೇರ್ ಕೊಂಡರೆ ಇಂಥ ಕೈಯ ರೂಢಿ ಜೊತೆಗೆ ಬರುವುದಿಲ್ಲ. ಅದನ್ನು ಮತ್ತೆ ಮೊದಲಿನಿಂದ ಕಟ್ಟಬೇಕು.

ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಪೆಟ್ಟು ತಿಂದದ್ದು ನಮಗೆ ಇದೇ ಮೊದಲಲ್ಲ. 2010ರಲ್ಲಿ ವಿಂಡೋಸ್ ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಬಂದೆವು. ಮೊದಲ ವಾರ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಒಂದು ದಿನ ಸಹೋದ್ಯೋಗಿ ರಜೆ ಹಾಕಿದರು. ಅವರ ಕೆಲಸ ನಾನು ಮಾಡೋಣ ಅಂತ ಅದೇ ಕಂಪ್ಯೂಟರಿನಲ್ಲಿ ನನ್ನ ಹೆಸರಿನಿಂದ ಲಾಗಿನ್ ಆಗಿ ಪ್ರೋಗ್ರಾಂ ತೆರೆದೆ. ಆ ವಾರದ ಒಂದು ಬಿಲ್ಲೂ ಇಲ್ಲ! ಎದೆ ಧಸಕ್ಕೆಂದಿತು. ಅವರಿಗೆ ಫೋನ್ ಮಾಡಿದೆ. "ಇಲ್ಲ, ಎಲ್ಲ ಹಾಕಿದ್ದೇನೆ, ನಿನ್ನೆ ಸಂಜೆ ಟೋಟಲ್ ಕೂಡ ನೋಡಿದ್ದೇನೆ" ಅಂದರು. ಮರುದಿನ ಅವರು ಬಂದು ತಮ್ಮ ಹೆಸರಿನಿಂದ ತೆರೆದರೆ ಎಲ್ಲ ಬಿಲ್ಲೂ ಇದೆ. ನಾನು ತೆರೆದರೆ ಇಲ್ಲ. ಒಂದೇ ಯಂತ್ರ, ಒಂದೇ ಪ್ರೋಗ್ರಾಂ, ಎರಡು ಲೆಕ್ಕ.

ಕಾರಣ ಗೊತ್ತಾಗಲು ಎರಡು ದಿನ ಹಿಡಿಯಿತು. ಆ ಪ್ರೋಗ್ರಾಂ ತನ್ನ ಡೇಟಾವನ್ನು ತಾನಿರುವ ಫೋಲ್ಡರಿನಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯುತ್ತಿತ್ತು. ಎಕ್ಸ್‌ಪಿ ಕಾಲದಲ್ಲಿ ಹೆಚ್ಚಿನವರು ಎಲ್ಲ ಅಧಿಕಾರ ಇರುವ ಅಡ್ಮಿನ್ ಆಗಿಯೇ ಲಾಗಿನ್ ಆಗುತ್ತಿದ್ದರು, ಹಾಗಾಗಿ ನಡೆಯುತ್ತಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಅದಕ್ಕೆ ತಡೆ ಹಾಕಿತು. ತಡೆದರೆ ಹಳೆಯ ಪ್ರೋಗ್ರಾಂಗಳು ನಿಂತೇ ಹೋಗುತ್ತವೆ ಅಂತ ಒಂದು ಒಳದಾರಿಯನ್ನೂ ಇಟ್ಟಿತು. ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ, ವಿಂಡೋಸ್ ಅದನ್ನು ಆ ಬಳಕೆದಾರರ ಸ್ವಂತ ಫೋಲ್ಡರಿನ ಒಳಗೆ ವರ್ಚುವಲ್ ಸ್ಟೋರ್ ಎಂಬ ಜಾಗಕ್ಕೆ ತಿರುಗಿಸಿಬಿಡುತ್ತದೆ. ಪ್ರೋಗ್ರಾಂಗೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಬೇರೆ ಬೇರೆ ಲೆಡ್ಜರ್ ಹುಟ್ಟಿಕೊಂಡಿತ್ತು. ಡೇಟಾ ಫೋಲ್ಡರನ್ನು ಹೊರಗೆ ಇಟ್ಟು, ಒಂದು ವಾರದ ಬಿಲ್ಲುಗಳನ್ನು ಕೂತು ಹೊಂದಿಸಿದೆವು.

ಆಗ ನನಗೆ ಕೋಪ ಬರಲಿಲ್ಲ. ವಿಂಡೋಸ್ ಮಾಡಿದ್ದು ಸುರಕ್ಷತೆಗಾಗಿ. ಸಾಫ್ಟ್‌ವೇರ್ ಕಂಪನಿಯೂ ಫೋನ್ ಎತ್ತಿ ಸಹಾಯ ಮಾಡಿತು. ತಪ್ಪು ಎಲ್ಲಿ ಅಂತ ಅವರೇ ಹೇಳಿಕೊಟ್ಟರು. ಸಪೋರ್ಟ್ ಎಂದರೆ ಅದು, ಅಲ್ವಾ?

2016ರಲ್ಲಿ ಅದೇ ಯಂತ್ರವನ್ನು ವಿಂಡೋಸ್ 10ಕ್ಕೆ ಏರಿಸಿದೆವು. ಎಫ್1 ಒತ್ತಿದಾಗ ಬರುತ್ತಿದ್ದ ಸಹಾಯದ ಪುಟಗಳು ತೆರೆಯುವುದು ನಿಂತಿತು. ಆ ಹಳೆಯ ಹೆಲ್ಪ್ ಫೈಲುಗಳನ್ನು ಓದುವ ಪ್ರೋಗ್ರಾಂ ವಿಂಡೋಸ್ 10ರಲ್ಲಿ ಇಲ್ಲ. ಮುದ್ರಿತ ಪುಸ್ತಕ ಇತ್ತು, ಸಾಕಾಯಿತು. ಉಳಿದದ್ದೆಲ್ಲ ನಡೆಯಿತು.

ಹೀಗೆ 2025 ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಅದರಲ್ಲಿಲ್ಲ. ಹೊಸ ಕಂಪ್ಯೂಟರ್ ತಂದೆವು. ಇಮೇಲ್ ಬಂದದ್ದು ಆ ದಿನಗಳಲ್ಲೇ.

ಆದರೂ ಒಂದು ಪ್ರಯತ್ನ ಮಾಡೋಣ ಅಂತ ಸಿಡಿ ಹಾಕಿದೆ. ಸೆಟಪ್ ಒತ್ತಿದರೆ, ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಸಂದೇಶ. ಹುಡುಕಿದಾಗ ತಿಳಿದದ್ದು: ನಮ್ಮ ಪ್ರೋಗ್ರಾಂ 32 ಬಿಟ್‌ನದ್ದು, ಆದರೆ ಅದನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಮಾತ್ರ 16 ಬಿಟ್‌ನದ್ದು. (16, 32, 64 ಬಿಟ್ ಅಂದರೆ ಪಿಸಿಗಳಲ್ಲಿ ಒಂದಾದ ಮೇಲೊಂದು ಬಂದ ಮೂರು ತಲೆಮಾರು.) ವಿಂಡೋಸ್ 3.1 ಕಾಲದ ರೀತಿಯದು. ತೊಂಬತ್ತರ ದಶಕದ ಎಷ್ಟೋ ಪ್ರೋಗ್ರಾಂಗಳು ಹೀಗೇ ಇದ್ದವು. ಎಲ್ಲ ಕಂಪ್ಯೂಟರಿನಲ್ಲೂ ಸೆಟಪ್ ಶುರುವಾಗಲಿ ಅಂತ ಹಳೆಯದನ್ನೇ ಇಟ್ಟುಕೊಂಡಿದ್ದರು. 64 ಬಿಟ್ ವಿಂಡೋಸ್ 32 ಬಿಟ್ ಪ್ರೋಗ್ರಾಂಗಳನ್ನು ನಡೆಸುತ್ತದೆ, 16 ಬಿಟ್‌ನದ್ದನ್ನು ನಡೆಸುವುದಿಲ್ಲ. ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ ಮಾತ್ರ. (ಹೆಸರುವಾಸಿಯಾಗಿದ್ದ ಕೆಲವು 16 ಬಿಟ್ ಸೆಟಪ್‌ಗಳನ್ನು ಗುರುತಿಸಿ, ಅವುಗಳ ಬದಲು 32 ಬಿಟ್‌ನದ್ದನ್ನು ನಡೆಸುವ ಏರ್ಪಾಡನ್ನು ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲೇ ಇಟ್ಟಿದೆ. ನಮ್ಮದು ಆ ಪಟ್ಟಿಯಲ್ಲಿ ಇರಲಿಲ್ಲ.)

ಸೆಟಪ್ ಬೇಡ, ಹಳೆಯ ಯಂತ್ರದಿಂದ ಫೋಲ್ಡರನ್ನೇ ನಕಲು ಮಾಡಿದರೆ? ಮಾಡಿದೆ. ಬೇಕಾದ ಕೆಲವು ಫೈಲುಗಳನ್ನು ಕೈಯಿಂದಲೇ ರಿಜಿಸ್ಟರ್ ಮಾಡಿದೆ, ಅಂದರೆ ವಿಂಡೋಸ್‌ಗೆ ಪರಿಚಯಿಸಿದೆ. ಪ್ರೋಗ್ರಾಂ ಬರೆದದ್ದು ವಿಷುವಲ್ ಬೇಸಿಕ್ 6ರಲ್ಲಿ. ಆ ಭಾಷೆ ಬಂದದ್ದು 1998ರಲ್ಲಿ. ಅದರಲ್ಲಿ ಬರೆದ ಪ್ರೋಗ್ರಾಂ ನಡೆಯಲು ಬೇಕಾದ ಮೂಲ ಫೈಲುಗಳು ಇವತ್ತಿನ ವಿಂಡೋಸ್‌ನಲ್ಲೂ ಇವೆ. ಐಕಾನ್ ಮೇಲೆ ಎರಡು ಸಲ ಒತ್ತಿದೆ. ಬೂದು ಬಣ್ಣದ ಕಿಟಕಿ ಬಂತು! ಕಂಪನಿಯ ಹೆಸರು, ಆವೃತ್ತಿ ಸಂಖ್ಯೆ, ಎಲ್ಲ ಬಂತು. ಸಹೋದ್ಯೋಗಿಯನ್ನು ಕೂಗಿ ಕರೆದೆ. ಅವರು ಬರುವಷ್ಟರಲ್ಲಿ ಇನ್ನೊಂದು ಸಣ್ಣ ಕಿಟಕಿ ಬಂದು ನಿಂತಿತ್ತು. "ಕೀ ಸಿಗುತ್ತಿಲ್ಲ."

ಡಾಂಗಲ್ ಕಂಪ್ಯೂಟರಿನ ಹಿಂಬದಿಗೆ ಚುಚ್ಚಿಯೇ ಇತ್ತು. ಆದರೆ ಅದನ್ನು ಓದುವ ಡ್ರೈವರ್ 32 ಬಿಟ್‌ನದ್ದು. ಸಾಮಾನ್ಯ ಪ್ರೋಗ್ರಾಂ 32 ಬಿಟ್ ಆಗಿದ್ದರೆ 64 ಬಿಟ್ ವಿಂಡೋಸ್ ಹೇಗೋ ನಿಭಾಯಿಸುತ್ತದೆ. ಡ್ರೈವರ್ ಹಾಗಲ್ಲ. ಅದು ಆಪರೇಟಿಂಗ್ ಸಿಸ್ಟಮ್‌ನ ಒಳಗೇ ಹೋಗಿ ಕೂರುವಂಥದ್ದು. ಅದೂ 64 ಬಿಟ್ ಆಗಿರಲೇಬೇಕು, ಡಿಜಿಟಲ್ ಸಹಿಯೂ ಇರಬೇಕು. ನಮ್ಮ ಡಾಂಗಲ್‌ಗೆ ಅಂಥ ಡ್ರೈವರ್ ಯಾರೂ ಮಾಡಿಲ್ಲ.

ಆ ಪರದೆಯ ಮುಂದೆ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನಮ್ಮ ಕೆಲಸ ಮಾಡುವ ಭಾಗ, ಅಂದರೆ ಬಿಲ್ಲು, ಲೆಡ್ಜರ್, ಸ್ಟಾಕು, ಬಹುಶಃ ಎಲ್ಲ ಹೊಸ ಯಂತ್ರದಲ್ಲಿ ನಡೆಯುತ್ತಿತ್ತು. ನಡೆಯದೆ ಹೋದದ್ದು ಎರಡೇ. ಒಳಗೆ ಬರುವ ಸೆಟಪ್, ಮತ್ತು ಅವರು ತಮ್ಮ ರಕ್ಷಣೆಗೆ ಹಾಕಿಕೊಂಡ ಬೀಗ. ಮನೆ ಗಟ್ಟಿಯಾಗಿಯೇ ಇದೆ, ಬೀಗಕ್ಕೆ ತುಕ್ಕು ಹಿಡಿದಿದೆ, ಬೀಗ ಹಾಕಿದವರು ಊರು ಬಿಟ್ಟಿದ್ದಾರೆ.

ಕಂಪನಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗ ತುಂಬ ಸೌಮ್ಯವಾಗಿದ್ದ. ಅವನ ಮೇಲೆ ನನಗೆ ಏನೂ ಬೇಜಾರಿಲ್ಲ. "ಆ ವರ್ಷನ್‌ಗೆ ಸಪೋರ್ಟ್ ಇಲ್ಲ, ನೀವು ಆನ್‌ಲೈನ್‌ಗೆ ಬಂದುಬಿಡಿ" ಅಂದ. ಹಳೆಯ ಲೆಕ್ಕ? "ಕಳೆದ ಎರಡು ವರ್ಷದ್ದನ್ನು ತರಬಹುದು." ಉಳಿದ 20 ವರ್ಷದ್ದು? "ಹಳೇ ಸಿಸ್ಟಮ್ ಹಾಗೇ ಇಟ್ಕೊಂಡಿರಿ, ಅಪ್‌ಡೇಟ್ ಮಾಡಬೇಡಿ." ಡಾಂಗಲ್ ಇಲ್ಲದೆ ತೆರೆಯುವ ಹಾಗೆ ಒಂದು ಫೈಲ್ ಕೊಡಬಹುದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಮ್ಮ ಕೈಯಲ್ಲಿಲ್ಲ" ಅಂದ.

ಹಳೆಯ ಸಿಸ್ಟಮ್ ಹಾಗೇ ಇಟ್ಟುಕೊಳ್ಳಿ ಅನ್ನುವುದು ಕೇಳಲು ಸುಲಭದ ಮಾತು. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದಾಗ ಏನಾಯಿತು ಅಂತ ನೆನಪಿದೆಯಲ್ಲ? ಅದು ಹೊಕ್ಕ ರಂಧ್ರಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟುಗಳನ್ನೇ ರದ್ದು ಮಾಡಬೇಕಾಯಿತು. ಮೂರು ವರ್ಷದ ಹಿಂದೆಯೇ ಸಪೋರ್ಟ್ ನಿಂತಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ಅಪ್‌ಡೇಟ್ ಹೊರಡಿಸಿತು. ಹಳೆಯ ಸಿಸ್ಟಮ್ ಇಟ್ಟುಕೊಂಡವರೆಲ್ಲ ಸೋಮಾರಿಗಳಲ್ಲ. ಎಷ್ಟೋ ಕಡೆ ಒಂದು ಪ್ರೋಗ್ರಾಂ, ಒಂದು ಡ್ರೈವರ್, ಒಂದು ಯಂತ್ರ ಅವರನ್ನು ಅಲ್ಲೇ ಕಟ್ಟಿಹಾಕಿರುತ್ತದೆ. "ಅಪ್‌ಡೇಟ್ ಮಾಡಬೇಡಿ" ಅಂತ ಹೇಳಿದವರು ಅಪಾಯವನ್ನು ನಮ್ಮ ತಲೆಗೆ ದಾಟಿಸಿ ಹೋಗುತ್ತಾರೆ.

ಆ ರಾತ್ರಿ "ಸಪೋರ್ಟ್ ಇಲ್ಲ" ಅನ್ನುವ ಮಾತನ್ನೇ ಯೋಚಿಸುತ್ತಿದ್ದೆ. ಆ ಮಾತಿನೊಳಗೆ ಹಲವು ಅರ್ಥ ಅಡಗಿವೆ. ಪ್ರೋಗ್ರಾಂ ನಡೆಯುವುದೇ ಇಲ್ಲ ಅಂತಿರಬಹುದು. ನಡೆಯಬಹುದು, ನಾವು ಪರೀಕ್ಷೆ ಮಾಡಿಲ್ಲ ಅಂತಿರಬಹುದು. ನಡೆಯುತ್ತದೆ, ಆದರೆ ಕೆಟ್ಟರೆ ನಮ್ಮನ್ನು ಕೇಳಬೇಡಿ ಅಂತಿರಬಹುದು. ನಡೆಸಬಹುದಿತ್ತು, ನಡೆಸುವುದು ಬೇಡ ಅಂತ ತೀರ್ಮಾನಿಸಿದ್ದೇವೆ ಅಂತಲೂ ಇರಬಹುದು. ಕೊಂಡವರಿಗೆ ಈ ನಾಲ್ಕೂ ಬೇರೆ ಬೇರೆ. ಪರೀಕ್ಷೆ ಮಾಡಿಲ್ಲ ಅಷ್ಟೇ ಅಂದರೆ ನಾನೇ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಆದರೆ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟರೆ ನಾನು ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು, ಆ ಮಾತಿನಲ್ಲಿ ಮಾಡಿದವರು ಯಾರೂ ಇಲ್ಲ. ಮಳೆ ಇಲ್ಲ, ಕರೆಂಟ್ ಇಲ್ಲ ಅನ್ನುವ ಹಾಗೆ ಸಪೋರ್ಟ್ ಇಲ್ಲ. ಯಾರೋ ಒಂದು ಕೋಣೆಯಲ್ಲಿ ಕೂತು ತೆಗೆದುಕೊಂಡ ತೀರ್ಮಾನ ಅದು.

ಸಾಫ್ಟ್‌ವೇರ್ ಮಾಡುವವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಇಪ್ಪತ್ತು ವರ್ಷದ ಹಿಂದೆ ಬರೆದವರು ಈಗ ಕಂಪನಿಯಲ್ಲಿ ಇರುವುದಿಲ್ಲ. ಬಿಲ್ಲಿನ ಪಟ್ಟಿ ತೋರಿಸುವ ಆ ಚೌಕಗಳು ಕೂಡ ಇನ್ನೊಂದು ಕಂಪನಿಯಿಂದ ಕೊಂಡ ಬಿಡಿಭಾಗ ಆಗಿರುತ್ತವೆ. ಆ ಕಂಪನಿಯೇ ಈಗ ಇಲ್ಲದಿರಬಹುದು. ವಿಷುವಲ್ ಬೇಸಿಕ್ 6ರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಸಪೋರ್ಟ್ ನಿಲ್ಲಿಸಿತು. ಮ್ಯಾಕ್ ಕಡೆಯವರ ಪಾಡು ಇನ್ನೂ ಕಷ್ಟ. ಪ್ರತಿ ವರ್ಷ ಹೊಸ ಆವೃತ್ತಿ, ಪ್ರತಿ ವರ್ಷ ಏನೋ ಒಂದು ಮುರಿಯುತ್ತದೆ. ಪವರ್‌ಪಿಸಿ ಎಂಬ ಹಳೆಯ ಚಿಪ್‌ಗೆ ಬರೆದ ಪ್ರೋಗ್ರಾಂಗಳನ್ನು ಇಂಟೆಲ್ ಚಿಪ್‌ನ ಮ್ಯಾಕ್‌ನಲ್ಲಿ ನಡೆಸುತ್ತಿದ್ದ ರೊಸೆಟಾವನ್ನು ಆಪಲ್ 2011ರ ಲಯನ್ ಆವೃತ್ತಿಯಲ್ಲಿ ತೆಗೆದುಹಾಕಿತು. 2019ರ ಕ್ಯಾಟಲೀನಾ ಆವೃತ್ತಿಯಲ್ಲಿ 32 ಬಿಟ್ ಪ್ರೋಗ್ರಾಂಗಳಿಗೆ ಪೂರ್ತಿ ಬಾಗಿಲು ಹಾಕಿತು. ಮ್ಯಾಕ್‌ನ ಮೈಕ್ರೋಸಾಫ್ಟ್ ಆಫೀಸ್ 2011 ಅವತ್ತಿಗೆ ನಿಂತಿತು. ನಾಲ್ಕು ಜನರ ಸಣ್ಣ ಕಂಪನಿ ಈ ಓಟದಲ್ಲಿ ಉಸಿರು ಬಿಟ್ಟರೆ ನಾನು ಬೈಯುವುದಿಲ್ಲ.

ಆದರೆ ಇದ್ಯಾವುದೂ ಒಂದೇ ರಾತ್ರಿಯಲ್ಲಿ ಆದದ್ದಲ್ಲ. 32 ಬಿಟ್‌ಗೆ ವಿದಾಯ ಹೇಳುವ ಸುದ್ದಿಯನ್ನು ಆಪಲ್ 2017ರಲ್ಲೇ ಕೊಟ್ಟಿತ್ತು. 2018ರಿಂದ ಅಂಥ ಪ್ರೋಗ್ರಾಂ ತೆರೆದರೆ ಎಚ್ಚರಿಕೆಯೂ ಬರುತ್ತಿತ್ತು. ವಿಂಡೋಸ್‌ನಲ್ಲಂತೂ ಸಮಯ ಇನ್ನೂ ಜಾಸ್ತಿ ಇತ್ತು. ಮನೆ, ಆಫೀಸಿನ ಸಾಮಾನ್ಯ ಪಿಸಿಗಳಿಗೆ ಎಕ್ಸ್‌ಪಿಯ 64 ಬಿಟ್ ಆವೃತ್ತಿ ಬಂದದ್ದು 2005ರಲ್ಲಿ. 16 ಬಿಟ್ ಸೆಟಪ್ ಅದರಲ್ಲೇ ನಡೆಯುತ್ತಿರಲಿಲ್ಲ. 32 ಬಿಟ್ ಡ್ರೈವರೂ ನಡೆಯುತ್ತಿರಲಿಲ್ಲ. ವಿಂಡೋಸ್ 11 ಬಂದದ್ದು 2021ರಲ್ಲಿ. ನಡುವೆ 16 ವರ್ಷ ಇತ್ತು. ಒಂದು ಸೆಟಪ್ ಮತ್ತೆ ಕಟ್ಟಲು, ಒಂದು ಬೀಗ ಬದಲಿಸಲು 16 ವರ್ಷ ಸಾಲದೇ? ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟರು ಅನ್ನಿಸುವುದು ಇಲ್ಲಿ.

ಉಳಿಸಬೇಕು ಅಂತ ಮನಸ್ಸು ಮಾಡಿದವರು ಉಳಿಸಿದ್ದಾರೆ ಕೂಡ. ಐಬಿಎಂ 1964ರಲ್ಲಿ ಸಿಸ್ಟಮ್/360 ಎಂಬ ಕಂಪ್ಯೂಟರ್‌ಗಳನ್ನು ಪ್ರಕಟಿಸಿತು. ಅದಕ್ಕೆ ಬರೆದ ಪ್ರೋಗ್ರಾಂಗಳು ಮುಂದಿನ ಯಂತ್ರಗಳಲ್ಲೂ ನಡೆಯಬೇಕು ಅನ್ನುವ ಮಾತನ್ನು ಆ ಕಂಪನಿ ಇವತ್ತಿನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್‌ಗಳವರೆಗೂ ಕಾಪಾಡಿಕೊಂಡು ಬಂದಿದೆ. ವಿಂಡೋಸ್ 95ರ ಕಥೆ ನನಗೆ ಇನ್ನೂ ಇಷ್ಟ. ಅದರ ನಿಜವಾದ ಆವೃತ್ತಿ ಸಂಖ್ಯೆ 4.0. ಆದರೆ ಹಲವು ಹಳೆಯ ಪ್ರೋಗ್ರಾಂಗಳು ಆವೃತ್ತಿಯನ್ನು ತಪ್ಪಾಗಿ ಹೋಲಿಸುತ್ತಿದ್ದವು. 4.0 ಅಂದರೆ ಇದು 3.10ಕ್ಕಿಂತ ಹಳೆಯದು ಅಂದುಕೊಂಡು ನಿಂತುಬಿಡುತ್ತಿದ್ದವು. ಹಾಗಾಗಿ ವಿಂಡೋಸ್ 95 ಅಂಥವುಗಳಿಗೆ ತಾನು 3.95 ಅಂತ ಹೇಳಿಕೊಂಡಿತು. ಬೇರೆಯವರ ತಪ್ಪಿಗೆ ಆಪರೇಟಿಂಗ್ ಸಿಸ್ಟಮ್ ತಾನೇ ಬಗ್ಗಿತು. ಬಳಸುವವರ ಕೆಲಸ ನಿಲ್ಲಬಾರದು ಅಂತ ಅಷ್ಟು ಯೋಚಿಸಿದ ಎಂಜಿನಿಯರ್‌ಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಉಳಿಸಲು ಆಗದಿದ್ದರೆ ಹೋಗುವುದಕ್ಕೂ ಒಂದು ರೀತಿ ಇದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರಲ್ಲಿ ನಿವೃತ್ತಿಯಾಯಿತು. ಅದರಲ್ಲಿ ಮಾತ್ರ ತೆರೆಯುವ ಕಚೇರಿ ಪುಟಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ಒಂದು ವ್ಯವಸ್ಥೆ ಇಟ್ಟು, ಕನಿಷ್ಠ 2029ರವರೆಗೆ ಇರುತ್ತದೆ ಅಂತ ಮೊದಲೇ ಹೇಳಿದ್ದಾರೆ. ಇಸವಿ ಗೊತ್ತಿದ್ದರೆ ಯೋಜನೆ ಹಾಕಬಹುದು. ಫೋಟೋಶಾಪ್ ಮಾಡುವ ಅಡೋಬಿ ತನ್ನ ಸಿಎಸ್2 ಸಾಫ್ಟ್‌ವೇರ್‌ಗಳ ಆ್ಯಕ್ಟಿವೇಶನ್ ಸರ್ವರನ್ನು, ಅಂದರೆ ಕೊಂಡದ್ದು ಹೌದೇ ಅಂತ ಆನ್‌ಲೈನಿನಲ್ಲಿ ಪರಿಶೀಲಿಸುವ ಕಂಪ್ಯೂಟರನ್ನು, ಮುಚ್ಚಿದಾಗ, ಕೊಂಡವರಿಗಾಗಿ ಆ್ಯಕ್ಟಿವೇಶನ್ ಬೇಡದ ಆವೃತ್ತಿಯನ್ನು ಕೊಟ್ಟಿತು. ನಾವು ಹೊರಡುತ್ತೇವೆ, ಬೀಗ ತೆಗೆದಿದ್ದೇವೆ, ನೀವು ಕೊಂಡದ್ದನ್ನು ನೀವು ಬಳಸಿಕೊಳ್ಳಿ. ನಾನು ಕೇಳುತ್ತಿರುವುದು ಇಷ್ಟೇ. ಜೀವಮಾನವಿಡೀ ಸಪೋರ್ಟ್ ಕೊಡಿ ಅಂತ ಯಾರೂ ಕೇಳುತ್ತಿಲ್ಲ.

ನಮ್ಮ ಲೆಕ್ಕವನ್ನು ಕೊನೆಗೆ ನಾವೇ ಹೊರತಂದೆವು. ಇಂಥದ್ದೇ ಕಷ್ಟದಲ್ಲಿರುವ ಯಾರಿಗಾದರೂ ಉಪಯೋಗವಾಗಬಹುದು ಅಂತ ಹೇಗೆ ಅಂತ ಹೇಳುತ್ತೇನೆ.

ಮೊದಲು ಹಳೆಯ ಯಂತ್ರದ ಇಡೀ ಹಾರ್ಡ್ ಡಿಸ್ಕನ್ನು ಒಂದು ಫೈಲಾಗಿ ಮಾಡಿದೆ. ಮೈಕ್ರೋಸಾಫ್ಟ್‌ನದ್ದೇ ಡಿಸ್ಕ್2ವಿಎಚ್‌ಡಿ ಅನ್ನುವ ಪುಟ್ಟ ಉಪಕರಣ ಇದೆ, ಉಚಿತ. ಆ ಫೈಲನ್ನು ಹೊಸ ಯಂತ್ರದಲ್ಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಂಗೆ ಕೊಟ್ಟೆ. ಮೊದಲ ಎರಡು ಸಲ ಬೂಟ್ ಆಗಲಿಲ್ಲ. ಡಿಸ್ಕನ್ನು ಯಾವ ಬಗೆಯ ಕಂಟ್ರೋಲರ್‌ಗೆ ಜೋಡಿಸಿದ್ದೇನೆ ಅನ್ನುವುದರಲ್ಲಿ ತಪ್ಪಿತ್ತು. ಸರಿಮಾಡಿದ ಮೇಲೆ ಹಳೆಯ ವಿಂಡೋಸ್ 10 ಒಂದು ಕಿಟಕಿಯೊಳಗೆ ಎದ್ದು ನಿಂತಿತು. ಡಾಂಗಲನ್ನು ಆ ಒಳಗಿನ ಯಂತ್ರಕ್ಕೆ ಬಿಟ್ಟುಕೊಟ್ಟೆ. ಒಳಗಿರುವುದು 32 ಬಿಟ್ ವಿಂಡೋಸ್, ಹಾಗಾಗಿ ಹಳೆಯ ಡ್ರೈವರ್ ತಕರಾರಿಲ್ಲದೆ ಕೆಲಸ ಮಾಡಿತು. ಆ ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕ ಪೂರ್ತಿ ತೆಗೆದುಬಿಟ್ಟೆ. ಇದನ್ನು ಮಾತ್ರ ಯಾರೂ ಮರೆಯಬೇಡಿ. ಡಿಸ್ಕ್ ಫೈಲಿನ ಇನ್ನೊಂದು ನಕಲನ್ನು ಬೇರೆ ಕಡೆ ಇಟ್ಟೆ.

ಆದರೆ ಇದು ತಾತ್ಕಾಲಿಕ. ಡಾಂಗಲ್ ಕೆಟ್ಟ ದಿನ ಮತ್ತೆ ಅದೇ ಬೀಗ. ಡೇಟಾ ಹೊರಗೆ ಬರಬೇಕಿತ್ತು. ಪ್ರೋಗ್ರಾಂನಲ್ಲಿ ಎಕ್ಸ್‌ಪೋರ್ಟ್ ಅನ್ನುವ ಆಯ್ಕೆಯೇ ಇಲ್ಲ. 2003ರಲ್ಲಿ ಕೊಳ್ಳುವಾಗ ನಾವು ಅದನ್ನು ಕೇಳಲೂ ಇಲ್ಲ. ಇದ್ದದ್ದು ಪ್ರಿಂಟ್ ಮಾತ್ರ. ಆಗ ನೆನಪಾದದ್ದು ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದ ಇರುವ ಜನೆರಿಕ್ ಟೆಕ್ಸ್ಟ್ ಓನ್ಲಿ ಅನ್ನುವ ಪ್ರಿಂಟರ್. ಅದು ನಿಜವಾದ ಪ್ರಿಂಟರ್ ಅಲ್ಲ. ಅಕ್ಷರಗಳನ್ನಷ್ಟೇ ಹೊರಡಿಸುತ್ತದೆ. ಅದರ ಪೋರ್ಟನ್ನು ಫೈಲ್ ಅಂತ ಇಟ್ಟರೆ ಕಾಗದದ ಬದಲು ಟೆಕ್ಸ್ಟ್ ಫೈಲು ಸಿಗುತ್ತದೆ. ಒಂದೊಂದೇ ವರ್ಷದ ಲೆಡ್ಜರ್ ತೆಗೆದು ಪ್ರಿಂಟ್ ಕೊಟ್ಟೆವು. 2003, 2004, 2005. ಪ್ರತಿ ಪುಟದ ತಲೆಬರಹ ಅಳಿಸಬೇಕು, ಎರಡು ಸಾಲಿಗೆ ಒಡೆದ ಹೆಸರುಗಳನ್ನು ಕೂಡಿಸಬೇಕು, ಅಂಕಣಗಳ ನಡುವಿನ ಜಾಗವನ್ನು ಅಲ್ಪವಿರಾಮ ಮಾಡಬೇಕು. ಹನ್ನೊಂದು ಸಂಜೆ ಹಿಡಿಯಿತು. ಪ್ರತಿ ವರ್ಷದ ಕೊನೆಯ ಮೊತ್ತವನ್ನು ಸಹೋದ್ಯೋಗಿ ಹಳೆಯ ಪರದೆಯಲ್ಲಿ ಓದಿ ಹೇಳುತ್ತಿದ್ದರು, ನಾನು ಹೊಸ ಫೈಲಿನಲ್ಲಿ ಕೂಡಿಸಿ ನೋಡುತ್ತಿದ್ದೆ. 2010ರದ್ದು ಮಾತ್ರ ತಾಳೆ ಆಗಲಿಲ್ಲ. ಹುಡುಕಿದರೆ ಆ ವರ್ಚುವಲ್ ಸ್ಟೋರ್ ವಾರದ ಒಂದು ಬಿಲ್ಲು ಎರಡು ಸಲ ಕೂತಿತ್ತು. 15 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ 22 ವರ್ಷದ ಲೆಕ್ಕವೂ ಸಾದಾ ಟೆಕ್ಸ್ಟ್ ಮತ್ತು ಸಿಎಸ್‌ವಿ (ಅಂಕಣಗಳ ನಡುವೆ ಅಲ್ಪವಿರಾಮ ಇರುವ ಟೆಕ್ಸ್ಟ್) ಫೈಲುಗಳಲ್ಲಿದೆ. ಎಲ್ಲ ಸೇರಿ ಮೊಬೈಲಿನ ಕೆಲವು ಫೋಟೋಗಳಷ್ಟೂ ಜಾಗ ತಿನ್ನುವುದಿಲ್ಲ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ.

ಹೊಸ ಸಾಫ್ಟ್‌ವೇರ್ ನೋಡಲು ಹೊರಟಾಗ ಮೂರು ಕಂಪನಿಯವರು ಬಂದು ತೋರಿಸಿದರು. ಮೂವರೂ ಮೊದಲು ಡ್ಯಾಶ್‌ಬೋರ್ಡ್ ತೆರೆದರು, ಬಣ್ಣಬಣ್ಣದ ಚಾರ್ಟುಗಳು. ನಾನು ಮೂವರಿಗೂ ಒಂದೇ ಮಾತು ಹೇಳಿದೆ. "ಇದು ಆಮೇಲೆ ನೋಡೋಣ. ನಾಳೆ ನಾವು ನಿಮ್ಮನ್ನು ಬಿಟ್ಟು ಹೋಗಬೇಕಾದರೆ ನಮ್ಮ ಡೇಟಾ ಹೇಗೆ ಸಿಗುತ್ತದೆ, ಅದನ್ನು ಮೊದಲು ಮಾಡಿ ತೋರಿಸಿ." ಒಬ್ಬರು ಹೆಡ್ ಆಫೀಸಿಗೆ ಕೇಳಿ ಹೇಳುತ್ತೇನೆ ಅಂದರು. ಇನ್ನೊಬ್ಬರು ಪಿಡಿಎಫ್ ತೆಗೆದು ತೋರಿಸಿದರು. ಮೂರನೆಯವರು ಅಲ್ಲೇ ಒಂದು ಬಟನ್ ಒತ್ತಿ ಸಿಎಸ್‌ವಿ ಫೈಲುಗಳನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆವು. ಸಹೋದ್ಯೋಗಿ ಬೆರಳಿಟ್ಟು ಸಾಲುಸಾಲಾಗಿ ಓದಿದರು.

"ಹಣ ಬಂದ ತಾರೀಖು ಇದರಲ್ಲಿ ಇಲ್ಲವಲ್ಲ?" ಅಂದರು.

ನಿಜ, ಆ ಅಂಕಣ ಬಿಟ್ಟುಹೋಗಿತ್ತು. ಬಂದವರು ಬರೆದುಕೊಂಡು ಹೋದರು. ಮೂರು ವಾರದ ಮೇಲೆ ಫೋನ್ ಮಾಡಿ, ಸೇರಿಸಿದ್ದೇವೆ, ನೋಡಿ ಅಂದರು. ಮತ್ತೆ ಬಟನ್ ಒತ್ತಿ, ಮತ್ತೆ ನೋಟ್‌ಪ್ಯಾಡಿನಲ್ಲಿ ತೆರೆದೆವು. ತಾರೀಖು ಇತ್ತು. ಆ ಸಂಜೆ ಹಣ ಕಟ್ಟಿದೆವು.